ಸ್ನಾನಕ್ಕೆ ಹೋದವಳು

ಅವಳಿಗೆ ಕಾಗೆ ಆಯಾ ಎಂಬ ಹೆಸರು ಬಿದ್ದದ್ದು ಬಣ್ಣದಿಂದಲ್ಲ, ದನಿಯಿಂದಲೂ ಅಲ್ಲ, ಕೆಲಸದಿಂದ. ಊರಿನ ಶಿಶುವಿಹಾರದಲ್ಲಿ ಅವಳು ಆಯಾ ಆಗಿದ್ದಳು. ಬೆಳಿಗ್ಗೆಯಾದರೆ ತಾಯಂದಿರು ಮಕ್ಕಳನ್ನು ಹೊತ್ತುಕೊಂಡು, ಎಳೆದುಕೊಂಡು, ಕೆಲವರು ಬೈದುಕೊಂಡು ಬರುತ್ತಿದ್ದರು. ಮಗು ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಸೂರು ಹಾರಿಹೋಗುವಂತೆ ಕಿರುಚುತ್ತಿರುವಾಗ ಇವಳು ಬಂದು ಅದನ್ನು ಸೊಂಟಕ್ಕೇರಿಸಿಕೊಂಡು ಕಿಟಕಿಯ ಹತ್ತಿರ ಹೋಗಿ, "ಅಗೋ ಕಾಗೆ! ಅಯ್ಯಯ್ಯೋ, ಅದರ ಬಾಯಲ್ಲೇನಿದೆ ನೋಡು!" ಎನ್ನುವಳು. ಕಾಗೆ ಇರಲಿ ಬಿಡಲಿ, ಮಗು ಅತ್ತ ತಿರುಗುತ್ತಿತ್ತು. ಅಷ್ಟರಲ್ಲಿ ತಾಯಿ ಹಿಂಬಾಗಿಲಿನಿಂದ ಮಾಯ.

ಆಮೇಲಿನದಕ್ಕೂ ಅವಳ ಹತ್ತಿರ ಮದ್ದಿತ್ತು. ಅಮ್ಮ ಎಲ್ಲಿ ಎಂದು ಮಗು ತುಟಿ ಊದಿಸಿದರೆ, "ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಪುಟ್ಟಾ, ಈಗ ಬಂದುಬಿಡ್ತಾಳೆ" ಎಂದು ಹಿಂದಿನ ಬಚ್ಚಲಿನ ಮುಚ್ಚಿದ ಬಾಗಿಲನ್ನು ತೋರಿಸುತ್ತಿದ್ದಳು. ಒಳಗೆ ನಲ್ಲಿಯನ್ನು ಸಣ್ಣಗೆ ಬಿಟ್ಟಿರುತ್ತಿದ್ದಳು. ಅಂಗಡಿಗೆ ಹೋದಳು ಎಂದರೆ ನಾನೂ ಬರುತ್ತೇನೆ ಎಂದು ಮಗು ಹಟ ಹಿಡಿಯುತ್ತದೆ. ಆಫೀಸಿಗೆ ಎಂದರೆ ಆಫೀಸು ಎಂದರೇನೆಂದು ಅದಕ್ಕೆ ಗೊತ್ತಿಲ್ಲ. ಸ್ನಾನ ಹಾಗಲ್ಲ. ಸ್ನಾನಕ್ಕೆ ಹೋದವರ ಹಿಂದೆ ಯಾರೂ ಹೋಗುವಂತಿಲ್ಲ, ಹೋದವರು ಬಾರದೆ ಇರುವುದೂ ಇಲ್ಲ. ನೀರಿನ ಸದ್ದು ಕೇಳಿಸಿಕೊಳ್ಳುತ್ತ ಮಗು ತಣ್ಣಗಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಆಟದಲ್ಲಿ ಮರೆಯುತ್ತಿತ್ತು, ಸಂಜೆ ಅಮ್ಮ ಬರುತ್ತಿದ್ದಳು. ಇದರಲ್ಲಿ ಯಾರಿಗೆ ಏನು ನಷ್ಟ? ಕಾಗೆ ಆಯಾಗೆ ತನ್ನ ಕೈಚಳಕದ ಬಗ್ಗೆ ಸಣ್ಣ ಜಂಬವೂ ಇತ್ತು. ಜಂಬ ಪಡುವುದಕ್ಕೆ ಬಡವರಿಗೆ ಬೇರೆ ಏನು ತಾನೆ ಇರುತ್ತದೆ!

ಶಿಶುವಿಹಾರ ಮುಚ್ಚಿತು. ಗಂಡ ಗುಬ್ಬಿ ಹೊಟ್ಟೆಯಲ್ಲಿರುವಾಗಲೇ ತೀರಿಕೊಂಡಿದ್ದ. ಗುಬ್ಬಿ ಎಂದರೆ ಮಗಳು, ಹಾಲುಹಲ್ಲು ಇನ್ನೂ ಬೀಳದ ವಯಸ್ಸು. ಹೊರದೇಶದಲ್ಲಿ ನಮ್ಮ ಕಡೆಯವರೇ ಒಬ್ಬರು ಮಗು ನೋಡಿಕೊಳ್ಳಲು ಮನೆಯಲ್ಲೇ ಇರುವವರನ್ನು ಹುಡುಕುತ್ತಿದ್ದಾರೆ, ಎರಡು ವರ್ಷ ಇದ್ದು ಬಂದರೆ ಸಾಕು ಎಂದು ಪರಿಚಯದವರು ಹೇಳಿದಾಗ ಅವಳು ಹೂಂ ಎಂದಳು. ಮನೆಮಂದಿಯ ಜೊತೆ ತನ್ನ ಮನೆಗೇ ಬಂದಿರಲು ಒಪ್ಪಿದ ತಂಗಿಯ ಮಡಿಲಿಗೆ ಮಗಳನ್ನು ಹಾಕಿದಳು. ಹೊರಡುವ ದಿನ ಮಧ್ಯಾಹ್ನ ಗುಬ್ಬಿ ಮಲಗಿದ್ದಾಗ ತಾನು ಹಿಂದಿನ ದಿನ ಉಟ್ಟಿದ್ದ ಸೀರೆಯನ್ನು ಮಡಿಸಿ ಅವಳ ತಲೆಯಡಿ ಇಟ್ಟಳು. ಬಚ್ಚಲಿನ ನಲ್ಲಿಯನ್ನು ಸಣ್ಣಗೆ ಬಿಟ್ಟು ಬಾಗಿಲು ಎಳೆದುಕೊಂಡಳು. ತಂಗಿಗೆ ಹೇಳುವುದನ್ನೆಲ್ಲ ಹೇಳಿ ಹಿಂಬಾಗಿಲಿನಿಂದ ಹೊರಬಿದ್ದಳು.

ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು ನಿಜ. ಆದರೆ ಮಗಳು ಅಳಲಿಲ್ಲವಲ್ಲ, ತನ್ನ ವಿದ್ಯೆ ತನಗೇ ಒದಗಿತಲ್ಲ ಎಂದು ಸಮಾಧಾನವನ್ನೂ ಪಟ್ಟುಕೊಂಡಳು. ತಾನು ತಿರುಗಿ ಹೋದಾಗ ಗುಬ್ಬಿ ಓಡಿಬಂದು ಕಾಲು ತಬ್ಬಿಕೊಂಡು ಅಮ್ಮಾ ಎನ್ನಬೇಕು. ಅದೊಂದು ಇದ್ದರೆ ಎರಡು ವರ್ಷ ಕಲ್ಲು ಹೊರುವುದಕ್ಕೂ ಅವಳು ತಯಾರಿದ್ದಳು.

ಹೊಸ ಮನೆ ಎತ್ತರದ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಅಷ್ಟೆತ್ತರಕ್ಕೆ ಒಂದು ಕಾಗೆಯೂ ಬರುತ್ತಿರಲಿಲ್ಲ. ಕಿಟಕಿಗಳಿಗೆ ಎರಡೆರಡು ಗಾಜು, ಬೆರಳು ತೂರುವಷ್ಟು ಮಾತ್ರ ತೆರೆಯುತ್ತಿದ್ದವು. ಕೆಳಗೆ ಬಸ್ಸುಗಳು, ಕಾರುಗಳು, ಸೂಜಿ ತಲೆಯಷ್ಟು ಜನ, ಎಲ್ಲ ಮೂಕವಾಗಿ ಓಡಾಡುತ್ತಿದ್ದರು. ಗೋಡೆಯಿಂದ ಗೋಡೆಗೆ ಹಾಸಿದ ದಪ್ಪ ಕಾರ್ಪೆಟ್ಟು ಹೆಜ್ಜೆಯ ಸದ್ದನ್ನೆಲ್ಲ ನುಂಗಿಬಿಡುತ್ತಿತ್ತು. ಯಾರೇ ಆಗಲಿ ಬಂದರು ಎಂದು ಗೊತ್ತಾಗುತ್ತಿದ್ದದ್ದು ಅವರು ಬೆನ್ನ ಹಿಂದೆ ನಿಂತ ಮೇಲೆಯೇ. ಪಾತ್ರೆ ಬಿದ್ದರೂ ಕೂಗಾಡುವವರಿಲ್ಲದ, ಬಾಗಿಲು ತಟ್ಟಿ ಸಕ್ಕರೆ ಕೇಳುವವರಿಲ್ಲದ ಮನೆಯಲ್ಲಿ ಮನುಷ್ಯರು ಹೇಗಿರುತ್ತಾರಪ್ಪ ಎಂದು ಅವಳಿಗೆ ಮೊದಲ ದಿನವೇ ದಿಗಿಲಾಯಿತು.

ಮನೆಯ ಯಜಮಾನಿಯನ್ನು ಅವಳು ಮೇಡಂ ಎನ್ನುತ್ತಿದ್ದಳು. ಬ್ಯಾಂಕಿನಲ್ಲಿ ಕೆಲಸ, ಬೆಳಕು ಹರಿಯುವ ಮೊದಲೇ ಹೊರಟರೆ ಕತ್ತಲಾದ ಮೇಲೆ ವಾಪಸ್ಸು. ಕೆಟ್ಟವರೇನಲ್ಲ, ಪುರುಸೊತ್ತಿಲ್ಲದವರು. ಯಜಮಾನರು ಸೇತುವೆ ಕಟ್ಟುವ ಇಂಜಿನಿಯರು. ಸೇತುವೆ ಎಲ್ಲಿರುತ್ತದೋ ಅವರು ಅಲ್ಲಿ, ಮನೆಗೆ ನೆಂಟರ ಹಾಗೆ ಬಂದು ಹೋಗುತ್ತಿದ್ದರು.

"ಇದು ನಿಮ್ಮ ರೂಮು, ಪಕ್ಕದ್ದು ನಿಮ್ಮ ಬಾತ್‌ರೂಮು" ಎಂದು ಮೇಡಂ ತೋರಿಸಿದರು. "ಮುಂಚೆ ಒಬ್ಬರು ವಯಸ್ಸಾದ ಆಯಾ ಇದ್ರು, ಚಿಕ್ಕಿ ಅಂತ ಕರೀತಿದ್ವಿ, ಅವರೂ ಇಲ್ಲೇ ಇದ್ದಿದ್ದು. ಇವನು ಹುಟ್ಟಿದಾಗಿನಿಂದ ಅವರೇ ಸಾಕಿದ್ರು. ಮಂಡಿನೋವು ಜಾಸ್ತಿಯಾಗಿ ಊರಿಗೆ ಹೊರಟುಹೋದ್ರು."

ಇವನು ಎಂದರೆ ಮಗ. ಗುಬ್ಬಿಯದೇ ವಯಸ್ಸು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ ಗತ್ತು ನೋಡಿ ಅವಳು ಮನಸ್ಸಿನಲ್ಲೇ ಅವನಿಗೆ ರಾಯರು ಎಂದು ಹೆಸರಿಟ್ಟಳು. ರಾಯರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಳಲಿಲ್ಲ, ಅಮ್ಮನ ಹಿಂದೆ ಅವಿತುಕೊಳ್ಳಲಿಲ್ಲ, ನಗಲೂ ಇಲ್ಲ. ಹೊಸಬರ ಕೈಗೆ ಕೊಟ್ಟರೆ ಅಳದ ಮಗುವನ್ನು ಕಾಗೆ ಆಯಾ ತನ್ನ ಜನ್ಮದಲ್ಲೇ ಕಂಡಿರಲಿಲ್ಲ. ಎಂಥ ಜಾಣ ಮಗು ಎಂದುಕೊಂಡಳು.

ಮರುದಿನ ಮೇಡಂ ಕೆಲಸಕ್ಕೆ ಹೋದ ಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅವಳು ಬಚ್ಚಲಿನ ಕಡೆ ಹೊರಟಳು. ಬಾಗಿಲಿಗೆ ಬೆನ್ನು ಕೊಟ್ಟು ರಾಯರು ಕುಳಿತಿದ್ದರು.

"ಇಲ್ಲಿ ಬರಬೇಡ" ಎಂದರು.

"ಯಾಕಪ್ಪಾ ರಾಯರೇ?"

"ಒಳಗೆ ಚಿಕ್ಕಿ ಇದ್ದಾಳೆ. ಸ್ನಾನ ಮಾಡ್ತಿದ್ದಾಳೆ."

ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ನಗು ಬಂತು. ಅಯ್ಯೋ, ಇದು ನಮ್ಮ ಕಸುಬೇ! ಸಮುದ್ರ ದಾಟಿ ಬಂದರೂ ಇಲ್ಲಿಯೂ ಯಾರೋ ಪುಣ್ಯಾತಗಿತ್ತಿ ಅದೇ ಮದ್ದು ಹಾಕಿ ಹೋಗಿದ್ದಾಳಲ್ಲ ಎಂದು, ಕಾಣದ ಆ ಚಿಕ್ಕಿಯ ಮೇಲೆ ಸ್ವಂತದವಳೆನ್ನುವ ಅಕ್ಕರೆಯೇ ಹುಟ್ಟಿತು. ರಾಯರು ಮಲಗಿದ ಹೊತ್ತು ನೋಡಿ ಕಳ್ಳಿಯ ಹಾಗೆ ಹೋಗಿ ಸ್ನಾನ ಮುಗಿಸಿಕೊಂಡಳು.

ದಿನಗಳು ಉರುಳಿದವು, ಅವಳು ಆ ಮನೆಗೆ ಒಗ್ಗಿಕೊಂಡಳು. ಬೆಂಕಿ ಕಾಣದ ಒಲೆಯ ಮೇಲೆ ಹಾಲು ಉಕ್ಕಿಸದೆ ಕಾಯಿಸುವುದು ಬಂತು. ಬಟ್ಟೆ ಒಗೆದು ಮುಗಿದರೆ ಯಂತ್ರ ಸಣ್ಣದೊಂದು ಹಾಡು ಹೇಳುತ್ತಿತ್ತು, ಆ ಮನೆಯಲ್ಲಿ ಬಾಯಿಬಿಟ್ಟು ಹಾಡುತ್ತಿದ್ದದ್ದು ಅದೊಂದೇ. ಯಾವ ಕಸ ಯಾವ ಬಣ್ಣದ ಡಬ್ಬಕ್ಕೆ ಎಂಬುದು ತಿಳಿಯಿತು. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿಗೆ ಹೋದರೆ ಅಲ್ಲಿ ಬೇರೆ ಬೇರೆ ದೇಶಗಳ ಆಯಾಗಳು ಬೆಂಚಿನ ಮೇಲೆ ಕೂತಿರುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ಬಾರದು. ಆದರೂ ಒಬ್ಬಳು ಫೋನು ತೆಗೆದು ತನ್ನ ಮಕ್ಕಳ ಪಟ ತೋರಿಸಿದರೆ ಉಳಿದವರೂ ತೋರಿಸುವರು. ಕಾಗೆ ಆಯಾ ಗುಬ್ಬಿಯ ಪಟ ತೋರಿಸುವಳು. ಎಲ್ಲರೂ ತಲೆಯಾಡಿಸುವರು. ಬೇರೆಯವರ ಮಕ್ಕಳು ಎದುರಿಗೆ ಜಾರುಬಂಡೆ ಜಾರುತ್ತಿದ್ದವು.

ರಾಯರು ಮಾತ್ರ ಜಾರುಬಂಡೆ ಹತ್ತುತ್ತಿರಲಿಲ್ಲ. ಹೋದ ಸ್ವಲ್ಪ ಹೊತ್ತಿಗೇ "ಮನೆಗೆ ಹೋಗೋಣ, ಚಿಕ್ಕಿ ಸ್ನಾನ ಮುಗಿಸಿಬಿಟ್ರೆ?" ಎಂದು ಸೆರಗು ಜಗ್ಗುತ್ತಿದ್ದರು.

ಮನೆಗೆ ಬಂದರೆ ನೆಟ್ಟಗೆ ಆ ಬಾಗಿಲಿಗೆ. ಅಲ್ಲಿ ಕೂತು ಮಾತಾಡುತ್ತಿದ್ದರು. ಮಕ್ಕಳು ಗೋಡೆಯ ಹತ್ತಿರವೂ ಮಾತಾಡುತ್ತವೆ, ಚಪ್ಪಲಿಯ ಹತ್ತಿರವೂ ಮಾತಾಡುತ್ತವೆ, ಅದೇನು ಹೊಸದಲ್ಲ. ಹೊಸದೆಂದರೆ ರಾಯರು ನಡುನಡುವೆ ಸುಮ್ಮನಾಗುತ್ತಿದ್ದರು. ಕಿವಿಯನ್ನು ಬಾಗಿಲಿಗೆ ಆನಿಸಿ, ಕಣ್ಣು ಕಿರಿದು ಮಾಡಿ, ಒಂದು ಉತ್ತರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತಿದ್ದರು. ಆಮೇಲೆ ಅದಕ್ಕೆ ಸರಿಯಾಗಿ ಮುಂದಿನ ಮಾತು ಆಡುತ್ತಿದ್ದರು. "ಬಾಳೆಹಣ್ಣು ತಿಂದೆ. ಹೂಂ, ಪೂರ್ತಿ. ಇಲ್ಲ, ಅವಳಿಗೆ ಕೊಡ್ಲಿಲ್ಲ." ಅವಳು ಎಂದರೆ ತಾನೇ ಎಂದು ಕಾಗೆ ಆಯಾಗೆ ಗೊತ್ತಾಗುತ್ತಿತ್ತು. ತನ್ನ ಬಗ್ಗೆ ಒಳಗಿನವರು ಏನು ಕೇಳಿದರೋ ಎಂಬ ಯೋಚನೆ ಬಂದು, ಛೀ, ಬುದ್ಧಿ ಕೆಟ್ಟಿದೆ ಎಂದು ತನ್ನನ್ನೇ ಗದರಿಸಿಕೊಳ್ಳುತ್ತಿದ್ದಳು.

ಒಂದು ದಿನ ಹೊಸ ಅಂಗಿ ತೊಡಿಸಲು ಹೋದರೆ ರಾಯರು ಬಾಗಿಲಿನ ಹತ್ತಿರ ಹೋಗಿ ಕೇಳಿಕೊಂಡು ಬಂದು, "ಚಿಕ್ಕಿ ಬೇಡ ಅಂದ್ಲು" ಎಂದರು. ಸರಿ, ಹಳೆಯದನ್ನೇ ತೊಡಿಸಿದಳು. ಅವಳು ಬಾಗಿಲಿನಡಿಯ ಸಂದಿಯಲ್ಲಿ ಏನೇನೋ ಕಾಣುತ್ತಿದ್ದಳು. ಬಿಸ್ಕತ್ತಿನ ಚೂರು, ಒಂದು ಕಾಲುಚೀಲ, ಬಣ್ಣದ ಸೀಸದ ಕಡ್ಡಿ. ಒಳಗೆ ಹೋದಾಗ ಅವನ್ನೆಲ್ಲ ಆರಿಸಿ ಕಸಕ್ಕೆ ಹಾಕುತ್ತಿದ್ದಳು. ಅದೇ ತಪ್ಪಾಯಿತೇನೋ. ಸಂದಿಗೆ ತೂರಿಸಿದ್ದು ಮಾಯವಾದಷ್ಟೂ ತೆಗೆದುಕೊಳ್ಳುವವರು ಒಳಗಿದ್ದಾರೆ ಎಂದು ರಾಯರಿಗೆ ಗಟ್ಟಿಯಾಗುತ್ತ ಹೋಯಿತು.

ಆ ಬಚ್ಚಲೂ ಸುಮ್ಮನಿರಬೇಡವೇ? ದೀಪ ಹಾಕಿದರೆ ಮೇಲಿನ ಫ್ಯಾನು ತಾನಾಗಿ ತಿರುಗಿ ಯಾರೋ ಏದುಸಿರು ಬಿಟ್ಟ ಹಾಗೆ ಸದ್ದು ಮಾಡುತ್ತಿತ್ತು. ಮೇಲಿನ ಮನೆಯವರು ನೀರು ಬಿಟ್ಟರೆ ಗೋಡೆಯೊಳಗಿನ ಪೈಪಿನಲ್ಲಿ ಜುಳುಜುಳು ಎನ್ನುತ್ತಿತ್ತು. ಹೊರಗೆ ಕೂತವರಿಗೆ ಅದು ಒಳಗೇ ಯಾರೋ ಮೈಮೇಲೆ ನೀರು ಸುರಿದುಕೊಂಡಂತೆ ಕೇಳಿಸುತ್ತಿತ್ತು. ಒಮ್ಮೆ ಬಿಸಿನೀರು ಬಿಟ್ಟುಕೊಂಡು ಸ್ನಾನ ಮಾಡಿ ತಿರುಗಿದಾಗ ಆವಿ ಕಟ್ಟಿದ ಕನ್ನಡಿಯ ಮೇಲೆ ಎರಡು ಮುಖಗಳು ಮೂಡಿದ್ದವು. ಬೆರಳಿನಲ್ಲಿ ಬರೆದ ಗುಂಡು ಮುಖಗಳು, ಒಂದು ದೊಡ್ಡದು, ಒಂದು ಸಣ್ಣದು. ದೊಡ್ಡದರ ತಲೆಯ ಮೇಲೊಂದು ತುರುಬು. ಆವಿ ಆರಿದ ಹಾಗೆ ಮುಖಗಳೂ ಮಾಯವಾದವು. ಕಾಗೆ ಆಯಾ ಒದ್ದೆ ಮೈಯಲ್ಲೇ ಹೊರಗೆ ಬಂದುಬಿಟ್ಟಳು. ಎಣ್ಣೆಗೈಯಲ್ಲಿ ಬರೆದದ್ದು ಆವಿ ಕಟ್ಟಿದಾಗ ಮತ್ತೆ ಕಾಣಿಸುತ್ತದೆ ಎಂದು ಅವಳಿಗೆ ಆಮೇಲೆ ಹೊಳೆಯಿತು. ಹೊಳೆದರೂ ಕನ್ನಡಿಯನ್ನು ಒರೆಸುವ ಧೈರ್ಯ ಬರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅವಳ ರೋಮ ನಿಮಿರಿಸಿದ್ದು ರಾಯರ ಏಳುವಿಕೆ. ನೆಲದ ಮೇಲೆ ಕುಳಿತಿದ್ದ ಮಗು ಎದ್ದುನಿಲ್ಲುವಾಗ ಒಂದು ಕೈ ನೆಲಕ್ಕೂರಿ, ಇನ್ನೊಂದು ಕೈಯನ್ನು ಮಂಡಿಗೆ ಕೊಟ್ಟು, ಮುಖ ಕಿವುಚಿ, "ಶಿವನೇ! ನನ್ನ ಮಂಡಿ!" ಎಂದು ಏಳುತ್ತಿತ್ತು. ಹಾಲುಗಲ್ಲದ ಮಗುವಿನ ಬಾಯಲ್ಲಿ ಮುದುಕಿಯ ನರಳಿಕೆ. ಬೇರೆ ಯಾರಾದರೂ ಆಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಅವಳೂ ಮೊದಲ ಸಲ ನಕ್ಕಳು. ಆಮೇಲೆ ಅಡುಗೆಮನೆಯಲ್ಲಿರುವಾಗ ಬೆನ್ನ ಹಿಂದೆ ಆ ಮಾತು ಕೇಳಿದರೆ ತಿರುಗಿ ನೋಡಲೇ ಭಯವಾಗತೊಡಗಿತು.

ಒಂದು ಭಾನುವಾರ ತಡೆಯಲಾರದೆ ಮೇಡಂ ಹತ್ತಿರ ಬಾಯಿಬಿಟ್ಟಳು. "ಮೇಡಂ, ಚಿಕ್ಕಿ ಹತ್ರ ಒಂದ್ಸಲ ಫೋನಲ್ಲಿ ಮಾತಾಡಿಸಬಾರ್ದಾ? ಊರಲ್ಲಿದ್ದೀನಿ ಅಂತ ಅವರೇ ಹೇಳಿದ್ರೆ ಮಗೂಗೆ ಗೊತ್ತಾಗುತ್ತೆ."

ಮೇಡಂ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. "ಊರಿಗೆ ಹೋಗಿ ಸ್ವಲ್ಪ ದಿನಕ್ಕೇ ತೀರ್ಕೊಂಡ್ರು. ಇವನಿಗೆ ಹೇಗೆ ಹೇಳೋದು? ಹೊರಡೋವಾಗ ಅವರೇ ಹೇಳಿದ್ರು, ಅಳಿಸಬೇಡಿ, ಸ್ನಾನಕ್ಕೆ ಹೋಗಿದ್ದೀನಿ ಅನ್ನಿ, ನಾಲ್ಕು ದಿನಕ್ಕೆ ಮರೀತಾನೆ ಅಂತ."

"ಮರೆತಿಲ್ವಲ್ಲ ಮೇಡಂ."

"ಅಳ್ತಾ ಇಲ್ವಲ್ಲ. ಹೇಗೋ ಸುಮ್ನಿದ್ದಾನೆ. ಇರಲಿ ಬಿಡಿ, ಪ್ಲೀಸ್."

ಮೇಡಂ ಕಣ್ಣು ತುಂಬಿಕೊಂಡಿದ್ದರು. ಅಳದ ಮಗು ಸುಖವಾಗಿದೆ ಎನ್ನುವುದು ಕಾಗೆ ಆಯಾಳ ಕಸುಬಿನ ಮೂಲಮಂತ್ರವೇ ಆಗಿರುವಾಗ ಎದುರು ಮಾತಾಡುವುದಾದರೂ ಹೇಗೆ? ಆದರೆ ಅಂದಿನಿಂದ ಆ ಬಚ್ಚಲಿಗೆ ಕಾಲಿಡುವ ಮೊದಲು ಬಾಗಿಲನ್ನು ಮೆಲ್ಲಗೆ ತಟ್ಟುವುದು ಅವಳಿಗೆ ಅಭ್ಯಾಸವಾಯಿತು.

ಊರಿಗೆ ಫೋನು ಮಾಡುತ್ತಿದ್ದಳು. ಮುಖ ಕಾಣುವ ಫೋನಲ್ಲ, ಬರೀ ಮಾತಿನದು, ಅದೂ ಗುಬ್ಬಿ ಎದುರಿಗಿಲ್ಲದಾಗ. ಅದು ಅವಳೇ ಮಾಡಿದ್ದ ಕಟ್ಟಳೆ. ಮಗು ಅಮ್ಮನ ಮುಖ ಕಂಡರೆ ಒಣಗಿದ ಗಾಯ ಕೆದಕಿದ ಹಾಗೆ, ನೆನಪಾಗಿ ಅಳುತ್ತದೆ, ಎಂದು ತಂಗಿಗೆ ಒತ್ತಿ ಹೇಳಿದ್ದಳು. ತಂಗಿ ಪ್ರತಿ ಸಲವೂ ಅಕ್ಕನನ್ನು ಹೊಗಳುತ್ತಿದ್ದಳು. "ನಿನ್ನ ವಿದ್ಯೆಗೆ ಕೈ ಮುಗೀಬೇಕು ಅಕ್ಕಾ. ಗುಬ್ಬಿ ಒಂದು ದಿನ ಅಂತ ಒಂದು ದಿನ ಅತ್ತಿಲ್ಲ. ಕೊಟ್ಟಿದ್ದು ಉಣ್ತಾಳೆ, ತನ್ನ ಪಾಡಿಗೆ ಕೂತಿರ್ತಾಳೆ."

"ನನ್ನ ಕೇಳ್ತಾಳಾ?"

"ಕೇಳಲ್ಲ ಅಕ್ಕಾ. ಅದೇ ಅಂತೀನಿ ನಾನು, ಎಷ್ಟು ಜಾಣೆ!"

ಇದನ್ನು ಕೇಳಿ ಅವಳಿಗೆ ಒಮ್ಮೆ ಖುಷಿಯಾಗುತ್ತಿತ್ತು. ಒಮ್ಮೆ ಮರೆತುಬಿಟ್ಟಳೇನೋ ಎಂಬ ಹೆದರಿಕೆ. ಎರಡು ವರ್ಷವಾದ ಮೇಲೆ ಹೋಗಿ ನಿಂತಾಗ ಯಾರು ನೀನು ಎಂದರೆ? ಆ ಯೋಚನೆ ಬಂದಾಗಲೆಲ್ಲ ಎದ್ದು ಪಾತ್ರೆ ತೊಳೆಯುತ್ತಿದ್ದಳು, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು.

ಅದು ನಡೆದದ್ದು ಮಟಮಟ ಮಧ್ಯಾಹ್ನ. ಮೇಡಂ ಬ್ಯಾಂಕಿನಲ್ಲಿ, ಯಜಮಾನರು ಸೇತುವೆಯ ಮೇಲೆ. ಕಿಟಕಿಯ ತುಂಬ ಬಿಸಿಲು. ಬಟ್ಟೆಯ ಯಂತ್ರ ತನ್ನ ಹಾಡು ಮುಗಿಸಿತ್ತು, ಕಾಗೆ ಆಯಾ ತನ್ನ ಕೋಣೆಯಲ್ಲಿ ರಾಯರ ಅಂಗಿಗಳನ್ನು ಮಡಿಸುತ್ತಿದ್ದಳು. ಮಕ್ಕಳಿರುವ ಮನೆಯಲ್ಲಿ ಸದ್ದಿಲ್ಲವೆಂದರೆ ಎಲ್ಲೋ ಏನೋ ಕಿತಾಪತಿ ನಡೆದಿದೆ ಎಂದೇ ಅರ್ಥ. ಆ ಸದ್ದಿಲ್ಲದ್ದು ಅವಳ ಕಿವಿಗೆ ಬಿದ್ದದ್ದು ಸ್ವಲ್ಪ ತಡವಾಗಿ. ಪಡಸಾಲೆಯಲ್ಲಿ ರಾಯರಿಲ್ಲ, ಅಡುಗೆಮನೆಯಲ್ಲಿಲ್ಲ. ಬಚ್ಚಲಿನ ಬಾಗಿಲ ಬಳಿ ಮಾಮೂಲಿ ಜಾಗದಲ್ಲೂ ಇಲ್ಲ.

ನೀರಿನ ಸದ್ದು ಕೇಳುತ್ತಿತ್ತು. ಇದು ಗೋಡೆಯೊಳಗಿನ ಪೈಪಿನದಲ್ಲ.

ಬಾಗಿಲು ನೂಕಿದಳು. ಒಳಗಿನಿಂದ ಅಗುಳಿ ಹಾಕಿತ್ತು. ಅಡಿಯ ಸಂದಿಯಿಂದ ಬಿಸಿ ಆವಿ ಅವಳ ಪಾದಕ್ಕೆ ತಾಗಿತು. ಆ ನಲ್ಲಿಯ ಬಿಸಿನೀರು ಎಂಥದೆಂದು ಅವಳಿಗೆ ಗೊತ್ತಿತ್ತು, ಮೊದಲ ದಿನ ಅವಳ ಕೈಯೇ ಸುಟ್ಟು ಗುಳ್ಳೆ ಎದ್ದಿತ್ತು.

"ರಾಯರೇ! ಬಾಗಿಲು ತೆಗೀರಿ! ನಲ್ಲಿ ಮುಟ್ಟಬೇಡಿ!"

"ಏಯ್, ಹೋಗು" ಎಂದಿತು ಒಳಗಿನ ದನಿ. "ನಾವು ಸ್ನಾನ ಮಾಡ್ತಿದ್ದೀವಿ."

ನಾವು ಎಂದದ್ದು ಕೇಳಿ ಅವಳ ಕೈ ಬಾಗಿಲಿನ ಮೇಲೇ ನಿಂತುಬಿಟ್ಟಿತು. ಆದರೆ ನಿಂತು ಹೆದರುವ ಹೊತ್ತಲ್ಲ ಅದು. ಭುಜ ಕೊಟ್ಟು ಗುದ್ದಿದಳು, ಬಾಗಿಲು ಜಗ್ಗಲಿಲ್ಲ. ಬೇಡಿಕೊಂಡಳು, ಬೈದಳು, ಮಿಠಾಯಿ ಕೊಡುತ್ತೇನೆಂದಳು. ರಾಯರು ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಅವರು ಯಾರ ಮಾತು ಕೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ಆ ಮುದುಕಿಯನ್ನು ಅವಳು ಕಂಡಿರಲಿಲ್ಲ, ದನಿಯನ್ನು ಕೇಳಿರಲಿಲ್ಲ. ಕೇಳಿದ್ದೆಲ್ಲ ಈ ಮಗುವಿನ ಬಾಯಲ್ಲೇ. ಕಾಗೆ ಆಯಾ ಬಾಗಿಲ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು. ಒಂದು ಕೈ ನೆಲಕ್ಕೂರಿ, ಇನ್ನೊಂದನ್ನು ಮಂಡಿಗೆ ಕೊಟ್ಟು, ಗಂಟಲು ಸಡಿಲ ಬಿಟ್ಟು ನರಳಿದಳು.

"ಶಿವನೇ! ನನ್ನ ಮಂಡಿ! ಕಂದಾ, ನೀರು ನಿಲ್ಲಿಸೋ. ಬಾಗಿಲು ತೆಗಿಯೋ, ನಿಂತು ನಿಂತು ಸಾಕಾಯ್ತು ನಂಗೆ."

ನೀರು ನಿಂತಿತು. ತನ್ನ ಬಾಯಿಂದ ಬಂದ ದನಿ ಅವಳಿಗೇ ತನ್ನದಲ್ಲವೆನಿಸಿತು.

"ಚಿಕ್ಕೀ?" ಒಳಗಿನಿಂದ ಸಣ್ಣ ದನಿ. "ನೀನು ಹೊರಗಿದ್ದೀಯಾ?"

"ಹೂಂ ಕಂದಾ."

ಆಮೇಲೆ ಇನ್ನೂ ಸಣ್ಣ ದನಿಯಲ್ಲಿ ಮಗು ಕೇಳಿತು.

"ಮತ್ತೆ ಇಲ್ಲಿರೋದು ಯಾರು?"

ಯಾರೂ ಇಲ್ಲ ಎನ್ನಬೇಕಾಗಿದ್ದ ಕಾಗೆ ಆಯಾ, "ಬಾಗಿಲು ತೆಗಿ ಕಂದಾ, ನೋಡೋಣ" ಎಂದಳು. ಅಗುಳಿ ಸರಿದ ಸದ್ದಾಯಿತು.

ಆವಿಯ ನಡುವೆ ರಾಯರು ನಿಂತಿದ್ದರು. ಅಂಗಿ ತೋಳಿನವರೆಗೆ ಒದ್ದೆ. ಅಂಗೈ ಕೆಂಪಾಗಿತ್ತು, ಅಷ್ಟೇ, ಸುಟ್ಟಿರಲಿಲ್ಲ. ಹಿಂದೆ ಕನ್ನಡಿಯ ಮೇಲೆ ದೊಡ್ಡ ಮುಖ, ಸಣ್ಣ ಮುಖ ಎರಡೂ ಮೂಡಿದ್ದವು. ರಾಯರು ಅವಳ ಮುಖ ನೋಡಿದರು. ಅವಳ ಬೆನ್ನ ಹಿಂದೆ ಇಣುಕಿದರು. ಓಡಿಹೋಗಿ ಅವಳ ಕೋಣೆಯಲ್ಲಿ ನೋಡಿ ಬಂದರು. ಮತ್ತೆ ಬಚ್ಚಲಿನೊಳಗೆ ಹೋಗಿ ಪರದೆ ಸರಿಸಿ ನೋಡಿದರು. ಹೊರಗೂ ಇಲ್ಲ, ಒಳಗೂ ಇಲ್ಲ.

"ಚಿಕ್ಕಿ ಎಲ್ಲಿ?"

ಕಾಗೆ ತೋರಿಸಲು ಅಲ್ಲಿ ಕಾಗೆ ಇರಲಿಲ್ಲ. ಇದ್ದಿದ್ದರೂ ಅವಳು ತೋರಿಸುತ್ತಿರಲಿಲ್ಲ. ಒದ್ದೆ ನೆಲದ ಮೇಲೆ ಕುಳಿತು ಮಗುವಿನ ಎರಡೂ ಕೈ ಹಿಡಿದುಕೊಂಡಳು. "ಚಿಕ್ಕಿ ಇಲ್ಲ ಕಂದಾ. ಆಗ ಮಾತಾಡಿದ್ದು ನಾನೇ. ಚಿಕ್ಕಿ ಸ್ನಾನಕ್ಕೆ ಹೋಗಿರ್ಲಿಲ್ಲ. ನಿಂಗೆ ಹೇಳದೆ ಹೊರಟುಹೋದ್ರು. ಹಂಗೆ ಹೋಗಬಾರ್ದಿತ್ತು. ಹೇಳಿ ಹೋಗಬೇಕಿತ್ತು."

"ಯಾವಾಗ ಬರ್ತಾಳೆ?"

"ಬರಲ್ಲ ಕಂದಾ."

ಆಗ ಅತ್ತರು ರಾಯರು. ಅಬ್ಬಾ, ಎಂಥ ಅಳು! ನೆಲಕ್ಕೆ ಬಿದ್ದು ಒದ್ದಾಡಿದರು, ಅವಳ ಕೈ ಕಚ್ಚಿದರು, ಕೂದಲು ಹಿಡಿದು ಜಗ್ಗಿದರು. ಅವಳು ಸುಮ್ಮನಿರು ಎನ್ನಲಿಲ್ಲ. ಶಿಶುವಿಹಾರದಲ್ಲಿ ಅಷ್ಟು ಮಕ್ಕಳ ಅಳುವನ್ನು ನಿಲ್ಲಿಸಿದವಳು ಇವತ್ತು ಒಂದು ಮಗುವಿಗೆ ಪೂರ್ತಿ ಅಳಲು ಬಿಟ್ಟು ಕುಳಿತಳು. ಕೊನೆಗೆ ಬಿಕ್ಕುತ್ತ ಬಿಕ್ಕುತ್ತ ಮಗು ಅವಳ ಹೆಗಲಿಗೆ ಒರಗಿ ನಿದ್ದೆಹೋಯಿತು. ಅದು ಅವಳನ್ನು ಮುಟ್ಟಿ ಮಲಗಿದ್ದು ಅದೇ ಮೊದಲು. ರವಿಕೆಯ ಹೆಗಲು ತೊಯ್ದು ತೊಪ್ಪೆಯಾಗಿತ್ತು.

ಆ ಒದ್ದೆ ಮೈಗೆ ತಣ್ಣಗೆ ತಾಗಿದಾಗ ಅವಳಿಗೆ ಗುಬ್ಬಿ ನೆನಪಾದಳು. ಒಂದು ದಿನವೂ ಅಳದ ಗುಬ್ಬಿ. ತನ್ನನ್ನು ಕೇಳದ ಗುಬ್ಬಿ. ತನ್ನ ಪಾಡಿಗೆ ಕೂತಿರ್ತಾಳೆ ಎಂದಿದ್ದಳು ತಂಗಿ. ಎಲ್ಲಿ ಕೂತಿರ್ತಾಳೆ ಎಂದು ತಾನು ಕೇಳಿರಲೇ ಇಲ್ಲ.

ಮಗುವನ್ನು ಹೆಗಲಲ್ಲೇ ಇಟ್ಟುಕೊಂಡು ಒಂದೇ ಕೈಯಲ್ಲಿ ಫೋನು ಒತ್ತಿದಳು. ಈ ಸಲ ಮುಖ ಕಾಣುವ ಹಾಗೆ. ಊರಿನಲ್ಲಿ ಆಗ ಸಂಜೆ. ತಂಗಿಯ ಮುಖ ಮೂಡಿತು.

"ಏನಕ್ಕಾ, ಈ ಹೊತ್ನಲ್ಲಿ? ಮುಖ ಯಾಕೆ ಹಂಗಾಗಿದೆ?"

"ಗುಬ್ಬಿನ ತೋರಿಸು."

"ಬೇಡ ಕಣಕ್ಕಾ, ನಿನ್ನ ನೋಡಿದ್ರೆ ಅಳ್ತಾಳೆ. ನೀನೇ ಹೇಳಿದ್ದಲ್ವಾ?"

"ಅಳಲಿ. ಅಳಬೇಕು ಅವಳು. ಎಲ್ಲಿದ್ದಾಳೆ?"

"ಎಲ್ಲಿರ್ತಾಳೆ, ಅಲ್ಲೇ" ಎಂದು ತಂಗಿ ನಕ್ಕಳು. "ಬಚ್ಚಲ ಬಾಗಿಲ ಹತ್ರ. ಅವಳು ಬಿಡಲ್ಲ ಅಂತ ನಾವೆಲ್ಲ ಈಗ ಹಿತ್ತಿಲಲ್ಲೇ ಸ್ನಾನ ಮಾಡೋದು. ನಲ್ಲಿ ನಿಲ್ಲಿಸೋಕೂ ಬಿಡಲ್ಲ ಅಂತೀನಿ!"

ಫೋನು ಮನೆಯೊಳಗೆ ನಡೆಯಿತು. ಕಾಗೆ ಆಯಾಗೆ ತನ್ನದೇ ಮನೆಯ ಗೋಡೆ, ಗಡಿಯಾರ, ಅಡುಗೆಮನೆಯ ಹೊಸ್ತಿಲು ಅಲುಗಾಡುತ್ತ ಕಾಣಿಸಿದವು. ಆಮೇಲೆ ಒಂದು ಸಣ್ಣ ಬೆನ್ನು. ಗುಬ್ಬಿ ಬಾಗಿಲಿಗೆ ಕಿವಿಯಾನಿಸಿ ಕುಳಿತಿದ್ದಳು. ಮಡಿಲಲ್ಲಿ ಅಮ್ಮನ ಸೀರೆ, ಒಗೆಯಲು ಕೊಡದೆ ಮಾಸಿ ಹೋದದ್ದು. ಒಳಗಿನಿಂದ ನಲ್ಲಿಯ ನೀರು ಸಣ್ಣಗೆ ಬೀಳುವ ಸದ್ದು ಇಷ್ಟು ದೂರಕ್ಕೂ ಕೇಳುತ್ತಿತ್ತು.

"ಗುಬ್ಬೀ!"

ಗುಬ್ಬಿ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. "ಶ್! ಅಮ್ಮ ಸ್ನಾನ ಮಾಡ್ತಿದ್ದಾಳೆ."

"ಗುಬ್ಬಿ, ನಾನು ಕಣೇ. ನಾನೇ ನಿನ್ನ ಅಮ್ಮ. ನೋಡಮ್ಮಾ ಇಲ್ಲಿ. ನಾನು ಸ್ನಾನಕ್ಕೆ ಹೋಗಿಲ್ಲ ಬಂಗಾರಾ, ಸುಳ್ಳು ಹೇಳ್ಬಿಟ್ಟೆ. ದೂರ ಬಂದಿದ್ದೀನಿ. ಒಳಗೆ ಯಾರೂ ಇಲ್ಲ."

ಗುಬ್ಬಿ ಫೋನಿನ ಹತ್ತಿರ ಮುಖ ತಂದಳು. ಅಮ್ಮನ ಕಣ್ಣು, ಮೂಗು, ಬಾಯಿ ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಅಮ್ಮನ ಹೆಗಲ ಮೇಲೆ ಮಲಗಿದ್ದ ಯಾರದೋ ಮಗುವನ್ನೂ ನೋಡಿದಳು. ಅವಳ ಕೆಳತುಟಿ ಅದುರಿದಂತಾಯಿತು. ಈಗ ಅಳುತ್ತಾಳೆ, ದೇವರೇ, ಈಗ ಅಳಲಿ ಎಂದು ಕಾಗೆ ಆಯಾ ಉಸಿರು ಹಿಡಿದಳು.

ಗುಬ್ಬಿ ಬಾಗಿಲಿನ ಕಡೆ ತಿರುಗಿದಳು.

"ಅಮ್ಮಾ, ಫೋನಲ್ಲಿ ಯಾರೋ ಬಂದಿದ್ದಾರೆ. ನಿನ್ನ ಹಾಗೇ ಇದ್ದಾರೆ."

ಆಮೇಲೆ ಕಿವಿಯನ್ನು ಬಾಗಿಲಿಗೆ ಆನಿಸಿ, ಕಣ್ಣು ಕಿರಿದು ಮಾಡಿ ಕಾದಳು. ಒಳಗೆ ನೀರು ಬೀಳುತ್ತಿತ್ತು. ಒಂದು ಉತ್ತರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಾದ ಮೇಲೆ ಹೂಂ ಎಂದು ತಲೆಯಾಡಿಸಿದಳು. ಚಿಕ್ಕಮ್ಮನ ಕೈಯಿಂದ ಫೋನನ್ನು ತಾನೇ ತೆಗೆದುಕೊಂಡಳು.

"ಅಮ್ಮ ಫೋನ್ ಇಡು ಅಂದ್ಲು" ಎಂದಳು ಗುಬ್ಬಿ. ಇಟ್ಟುಬಿಟ್ಟಳು.